ಗದ್ದದ ಹೊಲಿಗೆ ತೆಗೆಸಬೇಕು, ಮಗಳು ಆಸ್ಪತ್ರೆ ಅಂದರೆ ಸಾಕು ನಡುಗುತ್ತಾಳೆ. ಹೇಳಿ ಕರೆದುಕೊಂಡು ಹೋಗಲಾ, ಹೇಳದೆಯಾ?

ಗುಬ್ಬಿ ಅಮ್ಮ, ದಾವಣಗೆರೆ (ಬುಧವಾರ ರಾತ್ರಿ)

ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನನ್ನ ಮಗಳಿಗೆ ಮೂರೂವರೆ ವರ್ಷ. ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತೇವೆ. ಹೋದ ಭಾನುವಾರ ಸಂಜೆ ಬಚ್ಚಲಿಂದ ಒದ್ದೆ ಕಾಲಲ್ಲೇ ಓಡಿ ಬಂದು ಹೊಸ್ತಿಲ ಹತ್ತಿರ ಜಾರಿ ಬಿದ್ದಳು. ಗದ್ದ ನೇರ ಹೊಸ್ತಿಲಿಗೇ ಬಡಿಯಿತು. ತರಚಿದೆ ಅಷ್ಟೇ ಅಂದುಕೊಂಡೆ. ಎತ್ತಿಕೊಂಡು ಮುಖ ಮೇಲೆ ಮಾಡಿ ನೋಡಿದರೆ ಗದ್ದದ ಕೆಳಗೆ ಇನ್ನೊಂದು ಪುಟ್ಟ ಬಾಯಿ ತೆರೆದ ಹಾಗೆ ಸೀಳಿತ್ತು. ಅತ್ತೆ ಗಾಯಕ್ಕೆ ಹಾಕೋಕೆ ಅಂತ ಕಾಫಿ ಪುಡಿ ಡಬ್ಬಿ ತಂದರು. ಬೇಡ ಅತ್ತೆ ಅಂತ ಹೇಳಿ, ಒಗೆದಿಟ್ಟಿದ್ದ ಟವೆಲ್ ಮಡಚಿ ಒತ್ತಿ ಹಿಡಿದುಕೊಂಡೇ ಆಟೋ ಹತ್ತಿದೆವು.

ನಾಲ್ಕು ಹೊಲಿಗೆ ಬಿತ್ತು. ನನ್ನನ್ನು ಹೊರಗೆ ನಿಲ್ಲಿ ಅಂದರು. ಒಳಗೆ ಕರೆದುಕೊಂಡು ಹೋಗುವಾಗ ಗುಬ್ಬಿ ನನ್ನ ಮುಖ ನೋಡಿ "ಅಮ್ಮಾ ನೋವಾಗುತ್ತಾ?" ಅಂತ ಕೇಳಿದಳು. "ಇಲ್ಲ ಪುಟ್ಟಾ, ಏನೂ ಆಗಲ್ಲ" ಅಂದೆ. ಮೂರು ಜನ ಕೈಕಾಲು ಅದುಮಿ ಹಿಡಿದುಕೊಂಡಿದ್ದರಂತೆ. ಬಾಗಿಲ ಆಚೆಯಿಂದ ಅವಳು "ಅಮ್ಮ ಸುಳ್ಳು, ಅಮ್ಮ ಸುಳ್ಳು" ಅಂತ ಕಿರುಚುತ್ತಿದ್ದದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅವತ್ತಿಂದ ಗದ್ದ ಮುಟ್ಟೋಕೆ ಬಿಡುತ್ತಿಲ್ಲ. ಮುಖ ತೊಳೆಯೋಣ ಬಾ ಅಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಮಂಗಳವಾರ ಡ್ರೆಸ್ಸಿಂಗ್‌ಗೆ ಹೋದಾಗ ಮತ್ತೆ ಅದೇ ಗೋಳು. ಈಗ ಶನಿವಾರ ಬೆಳಿಗ್ಗೆ ಹೊಲಿಗೆ ತೆಗೆಸೋಕೆ ಬನ್ನಿ ಅಂದಿದ್ದಾರೆ. ನಮ್ಮನೆಯವರು ಹೇಳೋದು ಪಾರ್ಕಿಗೆ ಅಂತ ಹೇಳಿ ಕರೆದುಕೊಂಡು ಹೋಗೋಣ, ಅಲ್ಲಿಗೆ ಹೋದ ಮೇಲೆ ಹೇಗೋ ಆಗುತ್ತೆ ಅಂತ. ಅತ್ತೆ ದಿನಾ ಸಂಜೆ ದೃಷ್ಟಿ ತೆಗೆಯುತ್ತಿದ್ದಾರೆ. ಅದರಿಂದ ತೊಂದರೆ ಏನಿಲ್ಲ, ಆದರೆ ಶನಿವಾರಕ್ಕೆ ಅದು ಸಾಲಲ್ಲ. ನನಗೆ ಮಾತ್ರ ಇನ್ನೊಂದು ಸುಳ್ಳು ಹೇಳೋಕೆ ಬಾಯಿ ಬರುತ್ತಿಲ್ಲ. ನಿಜ ಹೇಳಿದರೆ ಮೂರು ದಿನ ಹೆದರಿಕೊಂಡೇ ಕೂರುತ್ತಾಳೇನೋ ಅಂತ ಭಯ. ಇದನ್ನೆಲ್ಲ ದಾಟಿ ಬಂದವರು ಹೇಳಿ.

ಹಾಸನದ ಅಪ್ಪ (ಗುರುವಾರ ಬೆಳಿಗ್ಗೆ)

ಅಕ್ಕ, ಸುಳ್ಳು ಬೇಡ. ನಾನು ಅದನ್ನು ಕಷ್ಟಪಟ್ಟು ಕಲಿತೆ.

ನನ್ನ ಮಗ ಎರಡೂವರೆ ವರ್ಷದವನಿದ್ದಾಗ ಟೀಪಾಯ್ ಮೇಲಿದ್ದ ಬಿಸಿ ಕಾಫಿ ಲೋಟ ಎಳೆದುಕೊಂಡ. ಮುಂಗೈಯಿಂದ ಮೊಣಕೈವರೆಗೂ ಬಿತ್ತು. ಪುಣ್ಯಕ್ಕೆ ಸುಟ್ಟ ತಕ್ಷಣ ತಣ್ಣೀರು ಬಿಡಬೇಕು ಅನ್ನೋದು ಗೊತ್ತಿತ್ತು. ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚಿ ಅಂತ ಓಡಿ ಬಂದರು, ಇನ್ನೊಬ್ಬರು ಐಸ್ ತಂದರು. ಎರಡೂ ಬೇಡ ಅಂದೆ. ನಲ್ಲಿ ಕೆಳಗೆ ಕೈ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಆ ಇಪ್ಪತ್ತು ನಿಮಿಷ ಎಷ್ಟು ಉದ್ದ ಅಂತ ಅಳುವ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತವರಿಗೇ ಗೊತ್ತು. ಆಮೇಲೆ ಒಗೆದ ಮೆತ್ತನೆ ಬಟ್ಟೆ ಸಡಿಲವಾಗಿ ಸುತ್ತಿ ಆಸ್ಪತ್ರೆಗೆ ಹೋದೆವು.

ಸುಟ್ಟಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಡ್ರೆಸ್ಸಿಂಗ್ ಬಿಚ್ಚುವುದು. ಮೊದಲ ಸಲ ಒಣಗಿ ಅಂಟಿದ್ದ ಗಾಜ್ ಬಟ್ಟೆಯನ್ನು ಹಾಗೇ ಎಳೆದರು. ನಾನು "ಆಯ್ತು ಆಯ್ತು, ಮುಗೀತು ಮುಗೀತು" ಅಂತಲೇ ಇದ್ದೆ, ಮುಗಿದಿರಲಿಲ್ಲ. ಎರಡನೇ ಸಲ ಅವನು ನನ್ನ ಕಡೆ ತಿರುಗಲೇ ಇಲ್ಲ, ಗೋಡೆ ಕಡೆ ಮುಖ ಮಾಡಿ ಅತ್ತ. ಅವತ್ತು ನನಗೆ ತುಂಬಾ ಸಂಕಟ ಆಯಿತು.

ಮೂರನೇ ಸಲ ಡಾಕ್ಟರ್ ಹತ್ತಿರ ಬಾಯಿ ಬಿಟ್ಟು ಕೇಳಿದೆ. ಬಿಚ್ಚುವ ಮುಂಚೆ ಸಲೈನ್ ಹಾಕಿ ಚೆನ್ನಾಗಿ ನೆನೆಸಿ, ಅಂಟದ ಥರದ ಎಣ್ಣೆ ಗಾಜ್ ಹಾಕಿ, ನೋವಿನ ಔಷಧಿ ಮೊದಲೇ ಕೊಡಬಹುದಾ ಅಂತ. ಅವರು ಮಗುವಿನ ತೂಕ ನೋಡಿ ಪ್ಯಾರಾಸಿಟಮಾಲ್ ಎಷ್ಟು ಎಂಎಲ್ ಅಂತ ಬರೆದುಕೊಟ್ಟರು, ಹೊರಡುವ ಮುಂಚೆ ಕೊಡಿ ಅಂದರು. ಮಗನಿಗೆ "ನೋವಾಗುತ್ತೆ ಕಂದ, ಸ್ವಲ್ಪ ಹೊತ್ತು. ಅಪ್ಪ ಎಲ್ಲೂ ಹೋಗಲ್ಲ" ಅಂದೆ. ಮೇಲಿನ ಪ್ಲಾಸ್ಟರ್ ಪಟ್ಟಿಯನ್ನು ಅವನ ಕೈಯಲ್ಲೇ ಬಿಡಿಸೋಕೆ ಬಿಟ್ಟರು. ಅತ್ತ, ಇಲ್ಲ ಅನ್ನಲ್ಲ. ಆದರೆ ನನ್ನ ಶರ್ಟ್ ಹಿಡಿದುಕೊಂಡು ಅತ್ತ. ಅದೇ ನನಗೆ ಬೇಕಾಗಿದ್ದದ್ದು.

ಕಡ್ಡಿಪುಡಿ (ಗುರುವಾರ ಬೆಳಿಗ್ಗೆ)

ಇಷ್ಟೆಲ್ಲ ಯಾಕೆ ಯೋಚನೆ? ಎರಡು ನಿಮಿಷದ ಕೆಲಸ. ಗಟ್ಟಿಯಾಗಿ ಹಿಡಿದುಕೊಳ್ಳಿ, ತೆಗೆಸಿ, ಐಸ್‌ಕ್ರೀಮ್ ಕೊಡಿಸಿ. ನಮ್ಮನ್ನೂ ಹಾಗೇ ಬೆಳೆಸಿದ್ದು. ಮಕ್ಕಳು ಮರೆತುಬಿಡುತ್ತವೆ.

ವಾರ್ಡ್ ಸಿಸ್ಟರ್, ಮೈಸೂರು (ಗುರುವಾರ ಮಧ್ಯಾಹ್ನ)

ನಾನು ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಡ್ಡಿಪುಡಿ ಅವರೇ, ಮರೆಯಲ್ಲ ಸರ್. ಏನಾಯಿತು ಅಂತ ಹೇಳೋಕೆ ಬರದೇ ಇರಬಹುದು, ಆದರೆ ಹೋದ ಸಲದ ಹೆದರಿಕೆ ಎಲ್ಲಿ ನಿಂತಿತ್ತೋ ಈ ಸಲ ಅಲ್ಲಿಂದಲೇ ಶುರು ಆಗುತ್ತೆ. ಸ್ಪಿರಿಟ್ ವಾಸನೆ ಬಂದರೆ ಸಾಕು, ಬಾಗಿಲಲ್ಲೇ ಕಾಲು ಊರಿ ನಿಂತುಬಿಡುತ್ತವೆ. ದಿನಾ ನೋಡುತ್ತೇನೆ.

ಗುಬ್ಬಿ ಅಮ್ಮ, ಮೊದಲು ಒಂದು ಮಾತು. ಗದ್ದದ ಮೇಲೆ ಜೋರಾಗಿ ಬಿದ್ದ ಮಕ್ಕಳಲ್ಲಿ ದವಡೆಯನ್ನೂ ನೋಡಬೇಕು. ಬಾಯಿ ಪೂರ್ತಿ ತೆರೆಯುತ್ತಾಳಾ? ಹಲ್ಲು ಮೊದಲಿನ ಹಾಗೆ ಒಂದಕ್ಕೊಂದು ಕೂರುತ್ತಾ? ಅಗಿಯುವಾಗ ಕಿವಿ ಹತ್ತಿರ ನೋವು ಅಂತಾಳಾ? ಇದರಲ್ಲಿ ಯಾವುದಾದರೂ ಇದ್ದರೆ ಶನಿವಾರದವರೆಗೆ ಕಾಯಬೇಡಿ, ಇವತ್ತೇ ತೋರಿಸಿ.

ಇನ್ನು ಹೇಳೋದಾ ಬೇಡವಾ ಅನ್ನೋದು. ಹೇಳಿ, ಆದರೆ ಇವತ್ತೇ ಬೇಡ. ಮೂರೂವರೆ ವರ್ಷದ ಮಗುವಿಗೆ 'ಶನಿವಾರ' ಅಂದರೆ ಏನು ಅಂತ ಗೊತ್ತಾಗಲ್ಲ, ಸುಮ್ನೆ ಮೂರು ದಿನ ಕಾಯುತ್ತೆ. ಶುಕ್ರವಾರ ಸಂಜೆ ಒಂದು ಸಲ, ಶನಿವಾರ ಬೆಳಿಗ್ಗೆ ಇನ್ನೊಂದು ಸಲ ಸಾಕು. ಏಳೆಂಟು ವರ್ಷದವರಾದರೆ ಇನ್ನೂ ಮುಂಚೆ ಹೇಳಬೇಕು, ಅವರಿಗೆ ಪ್ರಶ್ನೆ ಕೇಳೋಕೆ ಟೈಮ್ ಬೇಕು.

ಏನು ಹೇಳೋದು? ನಿಜವಾಗಿ ಏನಾಗುತ್ತೋ ಅದನ್ನೇ. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಇರುತ್ತೆ, ಅದು ಉರಿಯುತ್ತೆ. ತೆಗೆಯುವಾಗ ಸಾಮಾನ್ಯವಾಗಿ ಆ ಸೂಜಿ ಬೇಕಾಗಲ್ಲ. ಮೊದಲು ಒದ್ದೆ ಹತ್ತಿಯಿಂದ ಒಣಗಿದ ಹಕ್ಕಳೆಯನ್ನು ಮೆತ್ತಗೆ ಮಾಡುತ್ತೇವೆ. ಆಮೇಲೆ ಚಿಮಟದಲ್ಲಿ ದಾರದ ಗಂಟು ಎತ್ತಿ, ಪಕ್ಕದಲ್ಲಿ ಒಂದೇ ಕಡೆ ಕತ್ತರಿಸಿ ಎಳೆಯುತ್ತೇವೆ. ಕೂದಲು ಮೆಲ್ಲಗೆ ಎಳೆದ ಹಾಗೆ ಆಗುತ್ತೆ, ಕೆಲವರಿಗೆ ಕಚಗುಳಿ. ಹಾಗಂತಲೇ ಹೇಳಿ. 'ಕತ್ತರಿ' ಅನ್ನೋ ಪದ ಬಂದ ತಕ್ಷಣ 'ದಾರ ಮಾತ್ರ ಕತ್ತರಿಸೋದು, ಗುಬ್ಬೀನ ಅಲ್ಲ' ಅಂತ ಸೇರಿಸಿ. ನಾವು ದೊಡ್ಡವರು ಇದೇನು ಹೇಳೋ ವಿಷಯ ಅಂದುಕೊಳ್ಳುತ್ತೇವೆ, ಮಗುವಿಗೆ ಅದು ಗೊತ್ತಿರಲ್ಲ.

ಹಳೇ ಬಟ್ಟೆ ಬೊಂಬೆ ಇದ್ದರೆ ಅದರ ಗದ್ದಕ್ಕೆ ಕಪ್ಪು ದಾರದಲ್ಲಿ ನಾಲ್ಕು ಹೊಲಿಗೆ ನೀವೇ ಹಾಕಿ. ಶುಕ್ರವಾರ ಸಂಜೆ ಅವಳೇ ಡಾಕ್ಟರ್, ನೀವು ಬೊಂಬೆಯ ಅಮ್ಮ. ಅವಳ ಆಟದ ಕತ್ತರಿಯಲ್ಲಿ ಅವಳೇ ತೆಗೆಯಲಿ. ಎಷ್ಟು ಸಲ ಬೇಕಾದರೂ ಆಡಲಿ.

ಶನಿವಾರ ಅವಳನ್ನು ಮೇಜಿನ ಮೇಲೆ ಮಲಗಿಸಬೇಡಿ ಅಂತ ನೀವೇ ಕೇಳಿಕೊಳ್ಳಿ. ಅಂಗಾತ ಮಲಗಿಸಿ, ಮೇಲಿಂದ ನಾಲ್ಕು ಮುಖ ಬಗ್ಗಿ ನೋಡಿದರೆ ನಮಗೂ ಭಯ ಆಗಲ್ವಾ? ನಿಮ್ಮ ತೊಡೆ ಮೇಲೆ ಕೂರಲಿ, ಬೆನ್ನು ನಿಮ್ಮ ಎದೆಗೆ ಒರಗಿರಲಿ, ತಲೆ ನಿಮ್ಮ ಭುಜದ ಮೇಲೆ. ಆಗ ಗದ್ದ ತಾನಾಗಿ ಮೇಲೆ ಬರುತ್ತೆ. ನಿಮ್ಮ ಎರಡೂ ಕೈ ಅವಳ ಕೈಗಳ ಸುತ್ತ. ಹಿಡಿದುಕೊಂಡ ಹಾಗೂ ಆಗುತ್ತೆ, ತಬ್ಬಿಕೊಂಡ ಹಾಗೂ ಆಗುತ್ತೆ. ಲಸಿಕೆ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲೂ ಇದೇ ಇದೆ. ಅಪ್ಪ ಅಮ್ಮ ಜೊತೆಗಿರಲಿ, ಪುಟ್ಟ ಮಕ್ಕಳನ್ನು ಎತ್ತಿಕೊಂಡಿರಲಿ, ಕೂಸಿಗೆ ಎದೆಹಾಲು ಕುಡಿಸುತ್ತಾ ಚುಚ್ಚಿಸಬಹುದು ಅಂತ. ನಿಮ್ಮ ಗುಬ್ಬಿಗೂ ಐದು ತುಂಬಿದ ಮೇಲೆ ಡಿಪಿಟಿ ಬೂಸ್ಟರ್ ಇದೆಯಲ್ಲ, ಆಗಲೂ ಇದೇ ಥರ ಕೂರಿಸಿಕೊಳ್ಳಿ.

ಇನ್ನೊಂದು ವಿಷಯ, ಇದು ನನ್ನ ಮನಸ್ಸಿನ ಮಾತು. ಭಾನುವಾರ ಆದದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ರಕ್ತ ಸುರಿಯುತ್ತಿರುವಾಗ ಕೆಲವೊಮ್ಮೆ ಹಿಡಿಯಲೇಬೇಕಾಗುತ್ತೆ. ನೀವು ಗಾಯ ಒತ್ತಿ ಹಿಡಿದಿದ್ದು, ಕಾಫಿ ಪುಡಿ ಹಾಕದೇ ಇದ್ದದ್ದು ಎರಡೂ ಸರಿ. ಪುಡಿ ಹಾಕಿ ತಂದ ಗಾಯವನ್ನು ಕೆರೆದು ತೊಳೆಯುವಾಗ ಮಕ್ಕಳು ಪಡುವ ಪಾಡು ನಾನು ನೋಡಿದ್ದೇನೆ. ಆದರೆ ಗುಬ್ಬಿಗೆ ಒಂದು ಸಲ ಹೇಳಿ: "ಅವತ್ತು ನೋವಾಗಲ್ಲ ಅಂದೆ, ನೋವಾಯ್ತು ಅಲ್ವಾ. ಅಮ್ಮ ತಪ್ಪು ಹೇಳಿದೆ" ಅಂತ. ಅದನ್ನು ಹೇಳದೆ ಮುಂದೆ ಹೇಳುವ ನಿಜವನ್ನೂ ಅವಳು ನಂಬಲ್ಲ.

ಮತ್ತೆ, ಹೊಲಿಗೆ ತೆಗೆಯೋದು ಅಂದರೆ ಏನು ಅಂತ ಅವಳು ಅಂದುಕೊಂಡಿದ್ದಾಳೆ, ಅದನ್ನು ಅವಳನ್ನೇ ಕೇಳಿದ್ದೀರಾ?

ಅಜ್ಜಿಮನೆ (ಗುರುವಾರ ಸಂಜೆ)

ಮಗಳೇ, ಸಿಸ್ಟರ್ ಹೇಳಿದ್ದು ಓದಿ ನನ್ನ ಕಣ್ಣಲ್ಲಿ ನೀರು ಬಂತು. ನಾನು ಮೂರು ಮಕ್ಕಳನ್ನು, ಐದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ಅನ್ನ ತಿನ್ನದಿದ್ದರೆ "ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಚುಚ್ಚಿಸ್ತೀನಿ ನೋಡು" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹೊತ್ತಿಗೆ ಎರಡು ತುತ್ತು ಇಳಿಯುತ್ತಿತ್ತು. ಆಮೇಲೆ ಜ್ವರ ಬಂದು ನಿಜವಾಗಿ ಡಾಕ್ಟರ್ ಹತ್ತಿರ ಹೋದರೆ, ಮಗು 'ನಾನು ಏನು ತಪ್ಪು ಮಾಡಿದೆ' ಅನ್ನೋ ಥರ ನೋಡೋದು. ಆ ನೋಟದ ಅರ್ಥ ನನಗೆ ಈಗ ಆಗುತ್ತಿದೆ. ಈಗ ನಮ್ಮ ಮನೆಯಲ್ಲಿ ಆ ಮಾತನ್ನು ಯಾರ ಬಾಯಲ್ಲೂ ಬರೋಕೆ ಬಿಡಲ್ಲ.

ನಿಮ್ಮತ್ತೆಯನ್ನು ದೂರ ಇಡಬೇಡ ಮಗಳೇ. ಅವರ ಹೊಟ್ಟೆಯಲ್ಲೂ ಅದೇ ಸಂಕಟ. ಅವರಿಗೂ ಒಂದು ಕೆಲಸ ಕೊಡು. ಶನಿವಾರ ಹೋಗುವಾಗ ಅವರನ್ನು ಕರೆದುಕೊಂಡು ಹೋಗು, ಅವಳಿಗೆ ಇಷ್ಟದ ಕಥೆ ಅವರು ಹೇಳಲಿ.

ಗುಬ್ಬಿ ಅಮ್ಮ, ದಾವಣಗೆರೆ (ಗುರುವಾರ ರಾತ್ರಿ)

ಸಿಸ್ಟರ್, ಬಾಯಿ ಚೆನ್ನಾಗಿ ತೆರೆಯುತ್ತಾಳೆ, ಹಲ್ಲೂ ಸರಿಯಾಗಿ ಕೂರುತ್ತೆ. ಕಿವಿ ಹತ್ತಿರ ಒತ್ತಿ ನೋಡಿದೆ, ನೋವಿಲ್ಲ ಅಂದಳು.

ಈಗ ಮಲಗಿಸುವಾಗ ನೀವು ಹೇಳಿದ್ದನ್ನು ಕೇಳಿದೆ. "ನಿನ್ನ ಗದ್ದದಲ್ಲಿ ಏನಿದೆ ಗುಬ್ಬಿ?" ಅಂತ. ತುಂಬಾ ಹೊತ್ತು ಸುಮ್ನಿದ್ದು ಆಮೇಲೆ ನನ್ನ ಕಿವಿ ಹತ್ತಿರ ಬಂದು "ಇರುವೆ" ಅಂದಳು.

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು. ಅವಳು ಯಾವಾಗ ಬಿದ್ದರೂ ಅತ್ತೆ ನೆಲಕ್ಕೆ ಎರಡು ಏಟು ಕೊಟ್ಟು "ಅಯ್ಯೋ ಇರುವೆ ಸತ್ತೋಯ್ತು ನೋಡು!" ಅಂತಾರೆ. ಎಲ್ಲರ ಮನೆಯಲ್ಲೂ ಹೇಳೋದೇ ಅಲ್ವಾ, ನನಗೂ ಹಾಗೇ ಹೇಳಿದ್ದರು. ಭಾನುವಾರವೂ ರಕ್ತ ಕಾಣಿಸೋ ಮುಂಚೆ ಅಭ್ಯಾಸಬಲದಲ್ಲಿ ಹಾಗೇ ಅಂದಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಗುಬ್ಬಿ ಕನ್ನಡಿಯಲ್ಲಿ ನೋಡಿಕೊಂಡಿದ್ದಾಳೆ. ಕಪ್ಪು ದಾರದ ನಾಲ್ಕು ಗಂಟು, ಒಂದೊಂದಕ್ಕೂ ಎರಡೆರಡು ತುದಿ ಕಾಲಿನ ಹಾಗೆ ಚಾಚಿಕೊಂಡು ನಿಂತಿದೆ. ಅವಳು ಬಿದ್ದಾಗ ಸತ್ತ ಇರುವೆಗಳು ಅಲ್ಲೇ ಅಂಟಿಕೊಂಡಿವೆ, ಮುಟ್ಟಿದರೆ ಎದ್ದು ಕಚ್ಚುತ್ತವೆ ಅಂತ ನಾಲ್ಕು ದಿನದಿಂದ ಅಂದುಕೊಂಡಿದ್ದಾಳೆ. ಅದಕ್ಕೇ ಮುಖ ತೊಳೆಯೋಕೆ ಬಿಡುತ್ತಿರಲಿಲ್ಲ!

ಅದು ಇರುವೆ ಅಲ್ಲ ಪುಟ್ಟಾ, ದಾರ, ನಿನ್ನ ಫ್ರಾಕ್ ಹರಿದರೆ ಅಜ್ಜಿ ಹೊಲಿಯಲ್ವಾ ಹಾಗೆ ಅಂದೆ. ತಕ್ಷಣ ಕೇಳಿದಳು, "ದಾರ ತೆಗೆದರೆ ಗದ್ದ ಮತ್ತೆ ಹರಿದುಹೋಗುತ್ತಾ?" ಅಂತ. ಇದಕ್ಕೆ ಏನು ಹೇಳಲಿ ಅಂತ ಗೊತ್ತಾಗದೆ ತಲೆ ನೇವರಿಸಿದೆ. ತಪ್ಪಾಯ್ತು ಅನ್ನೋದನ್ನು ಮಾತ್ರ ಹೇಳಿದೆ. "ಹೂಂ" ಅಂದಳು, ಅಷ್ಟೇ. ನನ್ನ ಸೆರಗು ಹಿಡಿದುಕೊಂಡು ನಿದ್ದೆ ಹೋದಳು.

ವಾರ್ಡ್ ಸಿಸ್ಟರ್, ಮೈಸೂರು (ಶುಕ್ರವಾರ ಬೆಳಿಗ್ಗೆ)

ಎಷ್ಟು ಒಳ್ಳೆ ಪ್ರಶ್ನೆ ಕೇಳಿದ್ದಾಳೆ ನೋಡಿ. ಫ್ರಾಕ್ ಅಂತ ಹೇಳಿದ್ದಕ್ಕೇ ಆ ಪ್ರಶ್ನೆ ಬಂದಿದೆ, ಫ್ರಾಕ್ ದಾರ ತೆಗೆದರೆ ಹರಿದೇ ಹೋಗುತ್ತಲ್ಲ! ಹೀಗೆ ಹೇಳಿ: ಚರ್ಮ ಬಟ್ಟೆ ಅಲ್ಲ, ಅದಕ್ಕೆ ತಾನೇ ಅಂಟಿಕೊಳ್ಳೋಕೆ ಬರುತ್ತೆ. ಅಂಟಿಕೊಳ್ಳೋವರೆಗೆ ಅಲ್ಲಾಡದ ಹಾಗೆ ದಾರ ಹಿಡಿದುಕೊಂಡಿತ್ತು, ಈಗ ಅಂಟಿದೆ, ದಾರದ ಕೆಲಸ ಮುಗಿಯಿತು. ಮೊಣಕಾಲಿನಲ್ಲಿ ಹಳೇ ತರಚು ಗಾಯ ಮಾಯ್ದ ಗುರುತು ಇದ್ದೇ ಇರುತ್ತೆ, ಈ ವಯಸ್ಸಿನವರಿಗೆ. ಅದನ್ನು ತೋರಿಸಿ, "ಇದು ಯಾರು ಅಂಟಿಸಿದ್ದು? ನೀನೇ" ಅನ್ನಿ.

ಲೀಡ್ಸ್ ಕನ್ನಡತಿ (ಶುಕ್ರವಾರ ಮಧ್ಯಾಹ್ನ)

ಇಂಗ್ಲೆಂಡಿಂದ ಬರೆಯುತ್ತಿದ್ದೇನೆ. ಇಲ್ಲಿ ಮಕ್ಕಳ ವಾರ್ಡಿನಲ್ಲಿ ಆಟದ ಮೂಲಕ ಮಗುವನ್ನು ಚಿಕಿತ್ಸೆಗೆ ಸಿದ್ಧ ಮಾಡೋಕೆ ಅಂತಲೇ ತರಬೇತಿ ಪಡೆದವರು ಇರುತ್ತಾರೆ, ಪ್ಲೇ ಸ್ಪೆಷಲಿಸ್ಟ್ ಅಂತಾರೆ. ನನ್ನ ಮಗನಿಗೆ ರಕ್ತ ಪರೀಕ್ಷೆ ಮಾಡಬೇಕಾದಾಗ ಒಬ್ಬರು ಬಂದರು. ಸುಮಾರು ಒಂದು ಗಂಟೆ ಮುಂಚೆಯೇ ಕೈಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರು. ಲಿಡೋಕೇನ್ ಇರುವ ಇಂಥ ಕ್ರೀಮ್ ನಮ್ಮಲ್ಲೂ ಸಿಗುತ್ತೆ. ಆದರೆ ಡಾಕ್ಟರ್ ಕೇಳದೆ ಹಚ್ಚಬೇಡಿ, ತೆರೆದ ಗಾಯಕ್ಕಂತೂ ಬೇಡವೇ ಬೇಡ.

ಅವರಿಂದ ನಾನು ಕಲಿತಿದ್ದು ಕೇಳುವ ರೀತಿ. "ಮಾಡಿಸಿಕೊಳ್ತೀಯಾ?" ಅಂತ ಕೇಳಲೇ ಇಲ್ಲ. ಬೇಡ ಅಂದರೆ ಬಿಡೋಕೆ ಆಗಲ್ಲವಲ್ಲ, ಮತ್ತೆ ಕೇಳಿ ಏನು ಪ್ರಯೋಜನ. "ಬಲಗೈನಾ ಎಡಗೈನಾ? ನೋಡ್ತೀಯಾ, ಆ ಕಡೆ ತಿರುಗ್ತೀಯಾ?" ಅಂತ ಕೇಳಿದರು. ಅವನ ಕೈಯಲ್ಲಿ ನಿಜವಾಗಿ ಇದ್ದದ್ದು ಅಷ್ಟೇ, ಅಷ್ಟನ್ನು ಪೂರ್ತಿ ಅವನಿಗೇ ಕೊಟ್ಟರು.

ಆಮೇಲೆ ಸೋಪಿನ ಗುಳ್ಳೆ ಊದಿಸಿದರು. ಉದ್ದಕ್ಕೆ ಉಸಿರು ಬಿಡುವಾಗ ಮೈ ಬಿಗಿ ಸಡಿಲ ಆಗುತ್ತೆ, ಗಮನವೂ ಆ ಕಡೆ ಹೋಗುತ್ತೆ. ಗದ್ದದ ಹೊಲಿಗೆಗೆ ಬಾಯಿ ಆಡಿಸಿದರೆ ಕಷ್ಟ, ಅದಕ್ಕೆ ಗುಳ್ಳೆಯನ್ನು ಅಜ್ಜಿ ಊದಲಿ, ಗುಬ್ಬಿ ನೋಡಲಿ. ಒಂದೊಂದು ದಾರ ಬಂದ ಮೇಲೆ ಸಿಸ್ಟರ್ ಕೈ ತೆಗೆದಾಗ ಬಿಸಿ ಹಾಲು ಆರಿಸೋ ಹಾಗೆ ಅವಳು 'ಊಫ್' ಅಂತ ಊದಲಿ. ಮಕ್ಕಳಿಗೆ ಉಸಿರಾಟ ಅಂತೆಲ್ಲ ಹೇಳೋದಕ್ಕಿಂತ ಹಾಲು ಆರಿಸು ಅಂದರೆ ಬೇಗ ಗೊತ್ತಾಗುತ್ತೆ.

ಗುಬ್ಬಿ ಅಮ್ಮ, ದಾವಣಗೆರೆ (ಶನಿವಾರ ಸಂಜೆ)

ಆಯಿತು! ಎಲ್ಲರಿಗೂ ಹೇಳಲೇಬೇಕು ಅಂತ ಕೂತಿದ್ದೇನೆ.

ನಿನ್ನೆ ಸಂಜೆ ಬೊಂಬೆಗೆ ಹನ್ನೊಂದು ಸಲ ಹೊಲಿಗೆ ತೆಗೆದಳು. ಮೊದಲ ಎರಡು ಸಲ ಬೊಂಬೆಯನ್ನು ಅದುಮಿ ಹಿಡಿದು "ಅಲ್ಲಾಡಬೇಡ! ಅಮ್ಮ ಹೊರಗೆ ಹೋಗು!" ಅಂತ ಗದರಿದಳು. ಕೇಳಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಮೂರನೇ ಸಲಕ್ಕೆ ತಾನೇ ಬೊಂಬೆಯನ್ನು ನನ್ನ ತೊಡೆ ಮೇಲೆ ಕೂರಿಸಿ "ಅಮ್ಮ ಇಲ್ಲೇ ಇರ್ತಾಳೆ" ಅಂದಳು.

ಇವತ್ತು ಜನ ಕಡಿಮೆ ಇರೋ ಹೊತ್ತು ಯಾವುದು ಅಂತ ಫೋನ್ ಮಾಡಿ ಕೇಳಿ, ತಿಂಡಿ ತಿನ್ನಿಸಿ ಹತ್ತೂವರೆಗೆ ಹೋದೆವು. ನಾನು ಒಳಗೇ ಇರಬೇಕು, ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ ಅಂದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಒಂದು ಕ್ಷಣ ಯೋಚನೆ ಮಾಡಿ "ಆಯ್ತು, ಕೂತ್ಕೊಳ್ಳಿ, ಲೈಟ್ ಈ ಕಡೆ ತಿರುಗಿಸ್ತೀನಿ" ಅಂದರು. ಕೇಳೋಕೆ ನಾನು ಅಷ್ಟು ಹೆದರಿದ್ದೆ, ಕೇಳಿದರೆ ಇಷ್ಟೇ. ಅತ್ತೆ ಎದುರಿಗೆ ನಿಂತು, ಹೋದ ಜಾತ್ರೆಯಲ್ಲಿ ಕೊಡಿಸಿದ್ದ ಗುಳ್ಳೆ ಡಬ್ಬಿ ಹಿಡಿದು ಊದಿದರು. ಎಪ್ಪತ್ತೊಂದು ವರ್ಷ ಅವರಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಊದಿದ್ದೇ ಊದಿದ್ದು.

ಮೊದಲನೇ ದಾರಕ್ಕೆ ಗುಬ್ಬಿ ಅತ್ತಳು. ನಾನು "ಎಳೆದ ಹಾಗಾಯ್ತಾ? ಹೌದು, ಎಳೆಯುತ್ತೆ. ಇನ್ನು ಮೂರು" ಅಂದೆ. 'ಊಫ್' ಅಂದಳು. ಎರಡನೆಯದು ಬಂತು, ಮೂರನೆಯದು ಬಂತು. ನಾಲ್ಕನೆಯದು ಹಕ್ಕಳೆಯಲ್ಲಿ ಹೂತಿತ್ತು, ಸಿಸ್ಟರ್ ಮತ್ತೆ ಒದ್ದೆ ಹತ್ತಿ ಇಟ್ಟು ಕಾದರು. ಆ ಹೊತ್ತಿನಲ್ಲಿ ಗುಬ್ಬಿಯೇ "ಇನ್ನೊಂದಿದೆ" ಅಂತ ಅವರಿಗೆ ನೆನಪು ಮಾಡಿದಳು. ಅದೂ ಬಂತು. ನಾಲ್ಕು ದಾರವನ್ನೂ ಕೇಳಿ ಇಸಿದುಕೊಂಡು ಬಂದಿದ್ದಾಳೆ. ಕಾಗದದಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇವೆ. ಅಪ್ಪ ಬಂದ ತಕ್ಷಣ ತೆರೆದು ತೋರಿಸಿ "ಇರುವೆ ಅಲ್ಲ, ದಾರ" ಅಂದಳು. ಅವರು ಪಾರ್ಕಿನ ಮಾತು ಎತ್ತಲಿಲ್ಲ, ಅವಳನ್ನು ಎತ್ತಿಕೊಂಡು ತುಂಬಾ ಹೊತ್ತು ನಿಂತಿದ್ದರು.

ಸಿಸ್ಟರ್, ಗೆರೆ ಇನ್ನೂ ಗುಲಾಬಿ ಬಣ್ಣಕ್ಕಿದೆ. ಮೇಲೆ ಪೇಪರ್ ಥರದ ಪುಟ್ಟ ಪಟ್ಟಿ ಅಂಟಿಸಿದ್ದಾರೆ. ಏನು ಜಾಗ್ರತೆ ಮಾಡಬೇಕು?

ವಾರ್ಡ್ ಸಿಸ್ಟರ್, ಮೈಸೂರು (ಶನಿವಾರ ರಾತ್ರಿ)

ಓದಿ ತುಂಬಾ ಖುಷಿಯಾಯಿತು. ಅತ್ತೆಗೆ ನನ್ನ ನಮಸ್ಕಾರ ಹೇಳಿ.

ಆ ಪಟ್ಟಿ ತಾನಾಗಿ ಉದುರಲಿ, ಎಳೆಯಬೇಡಿ. ಗುಲಾಬಿ ಬಣ್ಣ ಕೆಲವು ತಿಂಗಳು ಇರುತ್ತೆ, ನಿಧಾನಕ್ಕೆ ಮಾಸುತ್ತೆ. ಅಲ್ಲಿಯವರೆಗೆ ಬಿಸಿಲು ನೇರವಾಗಿ ಬೀಳದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಕಲೆ ಕಪ್ಪಾಗಬಹುದು. ಕೆಂಪು ಜಾಸ್ತಿ ಆದರೆ, ಊದಿಕೊಂಡರೆ, ಕೀವು ಬಂದರೆ, ಜ್ವರ ಬಂದರೆ, ಅಥವಾ ಗಾಯ ಬಿಟ್ಟುಕೊಂಡರೆ ತಕ್ಷಣ ತೋರಿಸಿ. ಹೊಸ ಚರ್ಮ ಇನ್ನೂ ಎಳೆಯದು, ಒಂದೆರಡು ವಾರ ಮಂಚದಿಂದ ಜಿಗಿಯೋದು ಬೇಡ. ಬಚ್ಚಲ ಬಾಗಿಲಲ್ಲಿ ಜಾರದ ಮ್ಯಾಟ್ ಒಂದು ನಾಳೆಯೇ ತಂದು ಹಾಕಿ.